ಕೊಟ್ಟವಳ ದನಿ

"ಏನಾದ್ರೂ ಮಾಡ್ಕೊ ತಾಯಿ, ಆ ತೊಟ್ಟಿಗೆ ಮಾತ್ರ ನೀರು ಹಾಕ್ಬೇಡ."

ನರ್ಸರಿಯ ಬೀಗದ ಕೈ ಒಪ್ಪಿಸುವಾಗ ಮುದುಕಿ ಈ ಮಾತನ್ನು ಎರಡು ಸಲ ಹೇಳಿದಳು. ಎರಡು ಸಲವೂ ಹೊಸ ಒಡತಿಯ ಗಮನ ಬೇರೆಲ್ಲೋ ಇತ್ತು. ಗುಲಾಬಿ ಕುಂಡಗಳಲ್ಲಿ ಎಷ್ಟು ಬದುಕಿವೆ, ನೆರಳಿನ ಪರದೆ ಎಲ್ಲೆಲ್ಲಿ ಹರಿದಿದೆ ಎಂದು ಅವಳು ಕತ್ತು ಹೊರಳಿಸಿ ನೋಡುತ್ತಿದ್ದಳು. ವಯಸ್ಸಾದ ಜೀವವೊಂದು ಮುಖ ಬಿಳಿಚಿಕೊಂಡು ಏನೋ ಹೇಳುತ್ತಿದೆಯೆಂದರೆ ಒಂದು ಗಳಿಗೆ ನಿಂತು ಕೇಳುವುದು ಮನುಷ್ಯರ ಲಕ್ಷಣ. ಇವಳಿಗೆ ಅಷ್ಟು ವ್ಯವಧಾನ ಎಲ್ಲಿಂದ ಬರಬೇಕು? ಗಿಡ ಬೆಳೆಸುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬ ಹಮ್ಮು ಬೇರೆ. ಅವಳು ನೆಟ್ಟದ್ದೆಲ್ಲ ಚಿಗುರುತ್ತಿತ್ತು, ಅದು ನಿಜ. ಒಳ್ಳೆ ಕೈಗುಣ, ಒಳ್ಳೆ ಕೈಗುಣ ಎಂದು ಹಳೆಯ ಊರಿನ ಜನ ಹೊಗಳಿ ಹೊಗಳಿ ಅವಳನ್ನು ಅಟ್ಟಕ್ಕೇರಿಸಿದ್ದರು.

ತೊಟ್ಟಿ ಇದ್ದದ್ದು ಹಿತ್ತಲಿನ ಗೋಡೆಗೆ ತಾಗಿಕೊಂಡು. ಮೇಲೆ ಕಬ್ಬಿಣದ ಜಾಲರಿ, ಅದರ ಮೇಲೆ ಟಾರ್ಪಾಲು, ಟಾರ್ಪಾಲಿನ ಅಂಚಿಗೆ ಸುತ್ತಲೂ ಕಲ್ಲು. ಮುದುಕಿ ಒಂದು ಮೂಲೆಯನ್ನು ಮಾತ್ರ ಎತ್ತಿ ತೋರಿಸಿದಳು. ಒಳಗೆ ಒಣಗಿ ಬಿರುಕುಬಿಟ್ಟ ಕೆಸರು, ಅಷ್ಟೇ. ಆದರೆ ಒಣಮಣ್ಣಿಗೆ ಇರಬಾರದ ಒಂದು ವಾಸನೆ ಅದರಿಂದ ಎದ್ದುಬಂತು. ಎಣ್ಣೆ ಹಚ್ಚಿದ ತಲೆಗೂದಲನ್ನು ಒದ್ದೆಯಲ್ಲೇ ಕಟ್ಟಿಟ್ಟರೆ ಬರುತ್ತದಲ್ಲ, ಆ ಮುಗ್ಗಲು ವಾಸನೆ.

"ಇದ್ರಲ್ಲಿ ಏನಿದೆ ಅಂತ ಇಷ್ಟು ಕಾವಲು, ಅಜ್ಜಿ?"

"ಬೀಜ ಇದೆ. ನೀಲಿ ಹೂವಿನ ಗಿಡ. ನೀರಲ್ಲಿ ತೇಲೋದು. ನಮ್ಮ ಮಾವನೋರ ಕಾಲದಲ್ಲಿ ಯಾವುದೋ ಬೇರೆ ದೇಶದಿಂದ ಯಾರೋ ತಂದು ಕೊಟ್ರು. ಚೆನ್ನಾಗಿದೆ ಅಂತ ಇವ್ರು ಊರಿಗೆಲ್ಲ ಹಂಚಿದ್ರು. ಅದು ಕೆರೆಗೆ ಇಳೀತು. ಕೆರೆ ಕಾಣದ ಹಾಗೆ ಮುಚ್ಚಿಬಿಡ್ತು. ದೋಣಿಯವನ ಹೆಂಡ್ತಿ ಒಬ್ಳು, ಅವಳ ಮಗು ಅದನ್ನ ಹುಲ್ಲುಗಾವಲು ಅಂದ್ಕೊಂಡು ಓಡ್ತು."

ಮುದುಕಿ ಅಲ್ಲಿಗೆ ನಿಲ್ಲಿಸಿ ಸುತ್ತಮುತ್ತ ನೋಡಿದಳು. ಕೇಳಿಸಿಕೊಳ್ಳಲು ಗುಲಾಬಿ ಗಿಡಗಳಲ್ಲದೆ ಇನ್ನಾರೂ ಇರಲಿಲ್ಲ. ಆದರೂ ಅವಳ ದನಿ ತಗ್ಗಿತು.

"ಆ ತಾಯಿ ಮಗೂನ ಕೂದಲು ತಗೊಂಡು ಅದರ ಬೇರಿಗೆ ಕಟ್ಟಿ ಮಾಟ ಮಾಡಿದ್ಲು. ಇದನ್ನ ಯಾರು ಕೈಯೆತ್ತಿ ಕೊಡ್ತಾರೋ, ಅವರ ಮನೆದೇ ಒಂದು ಜೀವ ಇದರ ಮೇಲೆ ನಡೀಲಿ. ಕೊಟ್ಟವರ ದನಿಯಲ್ಲೇ ಇದು ಕರೀಲಿ. ಹಾಗಂತ. ಊರವರೆಲ್ಲ ಸೇರಿ ಕೆರೆ ಖಾಲಿ ಮಾಡಿಸಿದ್ರು, ಗಿಡ ಸುಟ್ರು. ನಾನು ಬುದ್ಧಿಯಿಲ್ಲದವಳು, ಒಂದೇ ಒಂದು ಗಿಡ ಈ ತೊಟ್ಟೀಲಿ ಮುಚ್ಚಿಟ್ಕೊಂಡಿದ್ದೆ. ಗೆಳತಿಗೆ ಕೊಟ್ಟೆ. ನನ್ನ ತಂಗಿ ಹೋದ್ಲು."

"ಮತ್ತೆ ಈ ಮಣ್ಣನ್ನ ತೆಗೆದು ಎಸೀಬಾರ್ದಿತ್ತಾ?"

"ಎಸೆದ ಕಡೆ ಹುಟ್ಟುತ್ತೆ. ಇದರ ಬೀಜ ಸುಲಭಕ್ಕೆ ಸಾಯಲ್ಲ ಕಣಮ್ಮ, ವರ್ಷಗಟ್ಟಲೆ ಕಾಯುತ್ತೆ. ಅದಕ್ಕೇ ಒಣಗಿಸಿ ನಾನೂ ಕಾದ್ಕೊಂಡು ಕೂತಿದ್ದೆ. ಈಗ ಕಣ್ಣು ಕಾಣಲ್ಲ, ಮಗ ಬಾ ಅಂತಿದಾನೆ. ಅಕಸ್ಮಾತ್ ಕೊಟ್ಟುಬಿಟ್ರೆ, ಕೊಟ್ಟ ಕೈನೇ ಹೋಗಿ ಇಸ್ಕೊಂಡು ಬರ್ಬೇಕು. ಬೇರೆಯವ್ರು ಹೋದ್ರೆ ನಡೆಯಲ್ಲ."

"ಇಸ್ಕೊಂಡಿದ್ದಕ್ಕೆ ರಸೀದಿ ಕೊಡ್ಬೇಕಾ ಅಜ್ಜಿ?"

ಅಷ್ಟರಲ್ಲಿ ಟೆಂಪೋದ ಸಾಮಾನು ಹೊತ್ತುಕೊಂಡು ಹಿತ್ತಲಿಗೆ ಬಂದ ಗಂಡ ಕಿಸಕ್ಕೆಂದು ನಕ್ಕ. ಮುದುಕಿ ನಗಲಿಲ್ಲ, ಕೋಪಿಸಿಕೊಳ್ಳಲೂ ಇಲ್ಲ. ಟಾರ್ಪಾಲಿನ ಮೂಲೆಯನ್ನು ಮತ್ತೆ ಎಳೆದು, ಕಲ್ಲಿಟ್ಟು, ಕೈ ತೊಳೆದುಕೊಂಡು ಹೊರಟಳು. ಅವಳನ್ನು ಕರೆದೊಯ್ದ ಆಟೋ ತಿರುವು ದಾಟುವ ಮೊದಲೇ ಹೊಸ ಒಡತಿ ಗಿಡದವಳು ನೀರಿನ ಪೈಪು ಎಳೆದುಕೊಂಡು ಹಿತ್ತಲಿಗೆ ಹೋಗಿದ್ದಳು. ನೀಲಿ ಹೂ ಎಂದರೆ ಬಿಡುವುದುಂಟೆ? ನರ್ಸರಿಯವರಿಗೆ ನೀಲಿ ಎಂದರೆ ಪ್ರಾಣ. ಕೆಂಪು, ಹಳದಿ ಎಲ್ಲ ಕಡೆ ಸಿಗುತ್ತದೆ.

ನೀರು ಬಿದ್ದ ಕೆಸರು ಬುಸ್ ಎಂದಿತು. ಬಿರುಕುಗಳಿಂದ ಗುಳ್ಳೆಗಳೆದ್ದವು. ಗುಳ್ಳೆಯೊಡೆಯುವ ಸದ್ದು ಯಾರೋ ಬಾಯಿ ಚಪ್ಪರಿಸಿದಂತೆ ಕೇಳಿ ಅವಳಿಗೆ ನಗು ಬಂತು.

ಗಿಡ ಬಂತು. ಬಂದದ್ದೇನು ಸಾಮಾನ್ಯವೆ! ದುಂಡಗೆ ಮಿರಿಮಿರಿ ಮಿನುಗುವ ಎಲೆ, ಗಾಳಿ ತುಂಬಿ ಉಬ್ಬಿದ ತೊಟ್ಟು, ನಡುವೆ ನೀಲಿಗೂ ನೇರಳೆಗೂ ಜಗಳ ಹಚ್ಚುವ ಬಣ್ಣದ ಹೂಗೊಂಚಲು. ಮಣ್ಣು ಬೇಡ, ಗೊಬ್ಬರ ಬೇಡ, ಆರೈಕೆ ಬೇಡ. ಒಂದು ಗಿಡ ಪಕ್ಕಕ್ಕೊಂದು ಕುಡಿ ಚಾಚಿದರೆ ಆ ಕುಡಿಯ ತುದಿಯಲ್ಲಿ ಇನ್ನೊಂದು ಗಿಡ. ನೋಡನೋಡುತ್ತ ತೊಟ್ಟಿ ತುಂಬಿ ತುಳುಕಿತು. ಬೇರು ಮಾತ್ರ ನೋಡಲು ಚೆನ್ನಾಗಿರಲಿಲ್ಲ. ಕಪ್ಪಗೆ, ಎಳೆಎಳೆಯಾಗಿ, ಎತ್ತಿದರೆ ಬೆರಳ ಸಂದಿಗೆಲ್ಲ ಸುತ್ತಿಕೊಳ್ಳುತ್ತಿತ್ತು.

ಅವಳಿಗೊಂದು ಅಭ್ಯಾಸವಿತ್ತು. ಮೊದಲ ಸಲ ಬಂದ ಗಿರಾಕಿಗೆ ಒಂದು ಸಸಿಯನ್ನು ಪುಕ್ಕಟೆ ಕೊಡುವುದು, ಅದೂ ತಾನೇ ಕೈಯಾರೆ ಎತ್ತಿಕೊಡುವುದು. 'ಕೈಗುಣದ ಗಿಡ' ಎಂದು ಅದಕ್ಕವಳು ಹೆಸರಿಟ್ಟಿದ್ದಳು. ಈ ಊರಿನಲ್ಲಿ ಆ ಭಾಗ್ಯ ನೀಲಿ ಹೂವಿಗೆ ಸಿಕ್ಕಿತು. ಗಾಜಿನ ಬಾಟಲಿಯಲ್ಲಿ ನೀರು, ಮೇಲೊಂದು ಗಿಡ. ಮೊದಲನೆಯದು ಹೋದದ್ದು ಗೋಡೆಯಾಚೆ ಹೊಲಿಗೆ ಅಂಗಡಿ ಇಟ್ಟಿದ್ದ ಟೈಲರ್ ಅಕ್ಕನಿಗೆ.

"ಅಯ್ಯೋ, ಎಷ್ಟು ಚೆನ್ನಾಗಿದೆಯೇ! ನನ್ನ ಕೈಗೆ ಬಂದ್ರೆ ಕಳ್ಳಿಗಿಡವೂ ಸಾಯುತ್ತೆ, ನೋಡ್ಕೊ ಆಮೇಲೆ."

"ಇದು ಸಾಯಲ್ಲ ಅಕ್ಕ. ನೀವು ಹೊಲಿದಿದ್ದು ಬಿಚ್ಚಿಹೋಗ್ಬಹುದು, ನಾನು ಕೊಟ್ಟಿದ್ದು ಹೋಗಲ್ಲ."

"ಬಾಯಿ ನೋಡು ಇವಳದು!" ಟೈಲರ್ ಅಕ್ಕ ಟೇಪಿನಿಂದಲೇ ಅವಳ ಬೆನ್ನಿಗೊಂದು ಬಿಟ್ಟಳು.

ಅಕ್ಕನಿಗೆ ಇಬ್ಬರು ಮಕ್ಕಳು. ತೊಟ್ಟಿಲಲ್ಲೊಂದು ಹೆಣ್ಣುಕೂಸು, ಬೀದಿಯಲ್ಲೊಬ್ಬ ಗುಂಡ. ಗುಂಡನೆಂದರೆ ನಿಜಕ್ಕೂ ಗುಂಡನೇ, ಓಡಿದರೆ ಉರುಳಿದಂತೆ ಕಾಣುತ್ತಿದ್ದ. ಗಿಡದವಳ ಮಗಳನ್ನು ಎಲ್ಲರೂ ಪಟಾಕಿ ಎನ್ನುತ್ತಿದ್ದರು. ಬಾಯಿ ತೆರೆದರೆ ನಿಲ್ಲುತ್ತಿರಲಿಲ್ಲ. ಇಬ್ಬರೂ ಒಂದೇ ಶಾಲೆ, ಒಂದೇ ತರಗತಿ, ಜಗಳಕ್ಕೂ ಒಂದೇ ಜೋಡಿ.

ಬಾಟಲಿಯಲ್ಲಿ ಹೂ ಅರಳಿದ್ದೇ ಟೈಲರ್ ಅಕ್ಕನಿಗೆ ಹಿಗ್ಗೋ ಹಿಗ್ಗು. ಕುಡಿಯೊಡೆದದ್ದನ್ನು ಮುರಿದು ಬಟ್ಟೆ ಹೊಲಿಸಲು ಬಂದವರ ಪೈಕಿ ಬೇಕಾದವರಿಗೆ ಕೊಟ್ಟಳು. ಗಿಡದವಳಂತೂ ಬಂದಬಂದವರಿಗೆಲ್ಲ ಹಂಚಿದಳು. ತೊಟ್ಟಿಯಲ್ಲಿ ಹೆಚ್ಚಾದದ್ದನ್ನು ಬುಟ್ಟಿಗೆ ತುಂಬಿ ಹಿತ್ತಲ ಚರಂಡಿಗೆ ಎಸೆಯುತ್ತಿದ್ದಳು. ನರ್ಸರಿಯವರು ಕತ್ತರಿಸಿದ್ದನ್ನೆಲ್ಲ ಮಾಡುವುದೇ ಹಾಗೆ. ಚರಂಡಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ್ದರೆ ಅವಳು ತಟ್ಟನೆ ಹೇಳುತ್ತಿದ್ದಳು, ಕೆರೆಗೆ ಎಂದು. ಯಾರೂ ಕೇಳಲಿಲ್ಲ, ಅವಳೂ ಕೇಳಿಕೊಳ್ಳಲಿಲ್ಲ.

ಮೊದಮೊದಲು ಕೆರೆಯ ದಡದಲ್ಲಿ ನೀಲಿ ಹೂ ಕಂಡು ಜನ ಫೋಟೋ ತೆಗೆಸಿಕೊಂಡರು. ಮಳೆ ನಿಂತು ಬಿಸಿಲು ಬಿದ್ದದ್ದೇ ತಡ, ಅದು ದಡ ಬಿಟ್ಟು ನಡುನೀರಿಗೆ ಹೊರಟಿತು. ದೋಣಿಯವರ ಹುಟ್ಟಿಗೆ ಸಿಕ್ಕಿಕೊಂಡಿತು. ಅವರು ಕುಡುಗೋಲಿನಿಂದ ಕತ್ತರಿಸಿದರು. ಕತ್ತರಿಸಿದ ತುಂಡೆಲ್ಲ ತೇಲಿಹೋಗಿ ತಾನು ನಿಂತಲ್ಲೇ ಮನೆ ಮಾಡಿತು. ನೈದಿಲೆಗಳು ಅದರಡಿ ಸಿಕ್ಕಿ ಕೊಳೆತವು. ನೀರಿಗೆ ಬೆಳಕಿಲ್ಲ, ಗಾಳಿಯಿಲ್ಲ. ಮೀನುಗಳು ಬಾಯಿ ತೆರೆದುಕೊಂಡು ಅಂಚಿಗೆ ಬಂದು ಸತ್ತವು. ಹಕ್ಕಿಗಳು ಒಂದೆರಡು ಸುತ್ತು ಹಾಕಿ ಬೇರೆ ದಾರಿ ಹಿಡಿದವು. ಸೊಳ್ಳೆ ಮಾತ್ರ ಎಲ್ಲಿಗೂ ಹೋಗಲಿಲ್ಲ. ಕೊನೆಗೆ ಕೆರೆಯೆಂಬುದೇ ಇರಲಿಲ್ಲ, ಅಲ್ಲೊಂದು ಹಸಿರು ಬಯಲಿತ್ತು. ಗಾಳಿ ಬೀಸಿದರೆ ಆ ಬಯಲು ಮೆಲ್ಲಗೆ ಉಸಿರಾಡುತ್ತಿತ್ತು. ಕೊಳೆತ ಮೀನಿನ ನಾತದ ಜೊತೆಗೆ ಆ ಒದ್ದೆಗೂದಲಿನ ವಾಸನೆ ಬೀದಿಬೀದಿಗೂ ಬಂತು. ಒಣಗಲು ಹಾಕಿದ ಬಟ್ಟೆಗೂ ಅದೇ ವಾಸನೆ.

ಗಿಡದವಳಿಗೆ ಎಲ್ಲವೂ ಗೊತ್ತಾಗಿತ್ತು. ಗೊತ್ತಾಗದಿರಲು ಅವಳೇನು ಕುರುಡಿಯೆ? ದೋಣಿಯವನೊಬ್ಬ ಬಲೆ ಹೆಗಲಿಗೆ ಹಾಕಿಕೊಂಡು ಅಂಗಡಿಯೆದುರು ನಿಂತು, "ಎಲ್ಲಿಂದ ಬಂತೋ ಈ ದರಿದ್ರ, ಹೊಟ್ಟೆ ಮೇಲೆ ಹೊಡೀತು" ಎಂದ.

"ಹಕ್ಕಿಗಳು ತಂದಿರ್ಬೇಕು," ಎಂದಳು.

ಅವನು ಅತ್ತ ಹೋದದ್ದೇ ಅವಳು ಹಿತ್ತಲಿಗೆ ನಡೆದಳು. ತೊಟ್ಟಿಯ ನೀರು ಖಾಲಿ ಮಾಡಿ ಟಾರ್ಪಾಲು ಹೊದಿಸಿದಳು. ಇಷ್ಟು ಮಾಡಿದೆನಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮಾಟದ ಮಾತು ನೆನಪಾಗಲಿಲ್ಲವೆಂದಲ್ಲ. ನೆನಪಾದಾಗಲೆಲ್ಲ, ಸುಮ್ಮನೆ ಮುದುಕರ ಹೆದರಿಕೆ ಎಂದು ತಳ್ಳಿಹಾಕಿದಳು.

ಆ ದಿನ ಶಾಲೆ ಅರ್ಧ ಹೊತ್ತು. ಮಟಮಟ ಮಧ್ಯಾಹ್ನ. ಗಂಡ ಟೆಂಪೋ ತೆಗೆದುಕೊಂಡು ಬಾಡಿಗೆಗೆ ಹೋಗಿದ್ದ. ಗಿಡದವಳು ಕೆರೆಯ ಕಡೆಯ ಬೇಲಿಗೆ ಬಿದಿರಿನ ಏಣಿ ಒರಗಿಸಿಕೊಂಡು ಬಳ್ಳಿ ಕಟ್ಟುತ್ತಿದ್ದಳು. ಬೀದಿಯಲ್ಲಿ ಒಂದು ನರಪಿಳ್ಳೆಯಿಲ್ಲ.

"ಪಟಾಕೀ... ಊಟಕ್ಕೆ ಬಾರೇ..."

ಯಾರೋ ಕರೆದರು. ಅವಳ ಕೈ ಅಲ್ಲೇ ನಿಂತಿತು. ಆ ದನಿಯನ್ನು ಅವಳು ಎಲ್ಲೋ ಕೇಳಿದ್ದಳು. ಎಳೆದು ಕರೆಯುವ ರೀತಿ, ಕೊನೆಯಲ್ಲಿ ಸ್ವಲ್ಪ ರೇಗುವ ರೀತಿ. ಅದು ಅವಳದೇ ದನಿ.

"ಬಂದೆ ಅಮ್ಮಾ!"

ಏಣಿಯ ಮೇಲಿಂದ ಕಂಡಿತು. ಕೆರೆಯ ಹಸಿರಿನ ಮೇಲೆ ಬಿಳಿ ಅಂಗಿ, ಬೆನ್ನಿಗೆ ಶಾಲೆಯ ಚೀಲ. ಮಗಳು ನಡೆಯುತ್ತಿದ್ದಳು. ಹೆಜ್ಜೆಯಿಟ್ಟಲ್ಲಿ ಎಲೆಗಳು ಬಳುಕಿ ತಗ್ಗುತ್ತಿದ್ದವು, ಹೆಜ್ಜೆ ತೆಗೆದಲ್ಲಿ ನೀರು ಕಪ್ಪಗೆ ಮೇಲೆದ್ದು ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಅವಳ ಮುಂದೆ, ಹೂಗಳು ದಟ್ಟವಾಗಿದ್ದ ಕಡೆಯಿಂದ, ದನಿ ಮತ್ತೆ ಬಂತು.

"ಬಾ ನನ್ನ ಬಂಗಾರ, ಬೇಗ ಬಾ."

ಅವಳು ಏಣಿಯಿಂದ ಬಿದ್ದಳೋ ಇಳಿದಳೋ. ಏಣಿಯನ್ನೇ ಎಳೆದುಕೊಂಡು ಓಡಿದಳು. ದಡಕ್ಕೆ ಬಂದು ಕಿರುಚಿದಳು.

"ನಿಲ್ಲೇ! ನಿಲ್ಲು! ಪಟಾಕೀ!"

ಮಗಳು ತಿರುಗಲಿಲ್ಲ. ಯಾಕೆ ತಿರುಗಬೇಕು? ಅಮ್ಮ ಮುಂದೆಯೇ ಇದ್ದಾಳಲ್ಲ. ಹಿಂದಿನಿಂದಲೂ ಅಮ್ಮ. ಮುಂದಿನಿಂದಲೂ ಅಮ್ಮ. ಮುಂದಿನ ಅಮ್ಮನ ದನಿಯಲ್ಲಿ ಪ್ರೀತಿ ಹೆಚ್ಚು. ಮೊಣಕಾಲವರೆಗೆ ಇಳಿದಿತ್ತು ಮಗಳ ಕಾಲು. ಮತ್ತೊಂದು ಹೆಜ್ಜೆ. ಎಲೆಗಳು ಬಾಯಿ ಬಿಟ್ಟವು. ಕೂಗಿ ಪ್ರಯೋಜನವಿಲ್ಲ. ತನ್ನ ದನಿ ತನ್ನದಲ್ಲ. ಅವಳು ದಡದ ಮಣ್ಣಿನ ಹೆಂಟೆಯೊಂದನ್ನು ಬಾಚಿಕೊಂಡಳು. ಬೀಸಿ ಹೊಡೆದಳು. ತಪ್ಪಿತು. ಇನ್ನೊಂದು. ಮಗಳ ಬೆನ್ನಿಗೆ ಬಡಿಯಿತು. ಧಡ್ ಎಂದು.

"ಅಯ್ಯೋ! ಯಾರೋ ಅದು!" ಮಗಳು ಸಿಟ್ಟಿನಿಂದ ತಿರುಗಿದಳು.

ತಾಯಿಯನ್ನು ಕಂಡಳು. ಮುಂದೆ ನೋಡಿದಳು. ಹಿಂದೆ ನೋಡಿದಳು. ಆ ಪುಟ್ಟ ಮುಖ ಅರ್ಥವಾಗದೆ ಕುಗ್ಗಿಹೋಯಿತು. ಆಮೇಲೆ ಕುಸಿದಳು. ಸೊಂಟದವರೆಗೆ. ಏಣಿ ಅಡ್ಡ ಬಿತ್ತು. ಗಿಡದವಳು ಅದರ ಮೇಲೆ ಬೋರಲು ಬಿದ್ದು ತೆವಳಿದಳು. ನೀರು ಮೂಗಿಗೆ. ಕೊಳೆತ ನಾತ ಗಂಟಲಿಗೆ. ಬೇರುಗಳು ಮೊಣಕೈಗೆ ಸುತ್ತಿದವು. ಹರಿದಳು. ಮತ್ತೆ ಸುತ್ತಿದವು. ಕಿವಿಯ ಪಕ್ಕದಲ್ಲೇ, ನೀರಿನ ಒಳಗಿಂದ, ಅವಳದೇ ದನಿ ಮೆತ್ತಗೆ ಹೇಳಿತು: "ಬಿಡು, ನಾನು ನೋಡ್ಕೋತೀನಿ." ಅವಳ ಕೈಗೆ ಚೀಲದ ಪಟ್ಟಿ ಸಿಕ್ಕಿತು. ಎಳೆದಳು. ಹಲ್ಲು ಕಚ್ಚಿ ಎಳೆದಳು.

ದಡದಲ್ಲಿ ತಾಯಿ ಮಗಳಿಬ್ಬರೂ ಕೆಸರಾಗಿ ಕೂತರು. ಮಗಳು ನಡುಗುತ್ತ ಕೇಳಿದಳು.

"ನೀನೇ ಕರೆದೆಯಲ್ಲಮ್ಮಾ. ಮತ್ತೆ ನೀನೇ ಯಾಕೆ ಹೊಡೆದೆ?"

ಗಿಡದವಳು ಮಗಳನ್ನು ತಬ್ಬಿಕೊಂಡು ಗಳಗಳ ಅತ್ತಳು. ಅಷ್ಟು ದಿನ ತಳ್ಳಿಹಾಕಿದ್ದೆಲ್ಲ ಒಟ್ಟಿಗೆ ಅವಳ ಮೇಲೆ ಬಿದ್ದಿತ್ತು.

ಮರುದಿನದಿಂದ ಟೆಂಪೋದ ಹಿಂದೆ ಗುಲಾಬಿ ಕುಂಡಗಳನ್ನು ತುಂಬಿಕೊಂಡು ಗಂಡ ಹೆಂಡತಿ ಮನೆಮನೆಗೆ ಹೊರಟರು. ಗಂಡನಿಗೆ ವಿಷಯ ಹೇಳಿದಾಗ ಅವನು ತಮಾಷೆ ಮಾಡಲಿಲ್ಲ. ಮಗಳ ಕಾಲಿನ ಮೇಲೆ ಕಪ್ಪು ಎಳೆಗಳು ಸುತ್ತಿದ್ದ ಗುರುತನ್ನು ನೋಡಿದ್ದ. "ಎಲ್ಲರಿಗೂ ಇದ್ದದ್ದನ್ನ ಇದ್ದ ಹಾಗೆ ಹೇಳ್ಬಿಡು ಮಾರಾಯ್ತಿ," ಎಂದ. ಅವಳು ಹೂಂಗುಟ್ಟಿದಳು.

ಹೇಳಲಿಲ್ಲ. ಗೇಟು ತೆರೆದವರ ಮುಂದೆ ಅವಳ ನಾಲಿಗೆ ತಾನಾಗಿಯೇ ಬೇರೆ ದಾರಿ ಹಿಡಿಯಿತು. "ಆ ನೀಲಿ ಗಿಡಕ್ಕೆ ರೋಗ ಬಂದಿದೆ, ವಾಪಸ್ ಕೊಡಿ, ಬದಲಿಗೆ ಗುಲಾಬಿ ತಗೊಳ್ಳಿ." ಪುಕ್ಕಟೆ ಕೊಟ್ಟದ್ದನ್ನು ಇಸ್ಕೊಂಡು ಮೇಲಿಂದ ಗುಲಾಬಿ ಕೊಡುವ ಅಂಗಡಿಯವಳನ್ನು ಯಾರು ಬೇಡವೆನ್ನುತ್ತಾರೆ? ಎಂಥ ಒಳ್ಳೆಯ ಹೆಂಗಸು ಎಂದು ಹೊಗಳಿದರು. ಪ್ರತಿಯೊಂದು ಬಾಟಲಿಯನ್ನೂ ತನ್ನ ಕೈಯಿಂದಲೇ ಇಸ್ಕೊಂಡಳು. ಒಣಗಿದ ಕಡ್ಡಿಯನ್ನೂ ಬಿಡಲಿಲ್ಲ. ಕೊಟ್ಟ ಮುಖಗಳೆಲ್ಲ ಅವಳಿಗೆ ನೆನಪಿದ್ದವು. ಒಂದೊಂದು ಗಿಡ ವಾಪಸಾದಾಗಲೂ ಕೆರೆಯ ಕಡೆಯ ದನಿ ಒಂದಿಷ್ಟು ಕ್ಷೀಣಿಸುತ್ತಿತ್ತು.

ಕೊನೆಗೆ ಗೋಡೆಯಾಚೆಗೆ ಹೋದಳು. ಟೈಲರ್ ಅಕ್ಕ ಮಷಿನ್ ಮೇಲಿಂದ ತಲೆಯೆತ್ತದೆ ಬಾಟಲಿಯತ್ತ ಕೈ ತೋರಿಸಿದಳು.

"ತಗೊಂಡ್ಹೋಗು ಕಣೆ. ರೋಗದ್ದು ಮನೇಲಿ ಯಾಕೆ, ಕೂಸು ಬೇರೆ ಇದೆ. ಅಂದ ಹಾಗೆ, ನಾನೂ ನಾಲ್ಕಾರು ಜನಕ್ಕೆ ಕೊಟ್ಟಿದ್ದೀನಲ್ಲ. ಅವ್ರಿಗೂ ಹೇಳ್ಲಾ? ನಾನೇ ಹೋಗಿ ಇಸ್ಕೊಂಡು ಬರ್ಲಾ?"

ಹೂಂ ಎನ್ನಬೇಕಿತ್ತು. ಒಂದೇ ಒಂದು ಹೂಂ. ಆದರೆ ಯಾಕೆ, ಏನು ಎಂದು ಅಕ್ಕ ಕೇಳುತ್ತಾಳೆ. ಕೊಟ್ಟ ಕೈಯೇ ಯಾಕೆ ಹೋಗಬೇಕು ಎನ್ನುತ್ತಾಳೆ. ಆಗ ತೊಟ್ಟಿಯ ಮಾತು ಬರುತ್ತದೆ, ಚರಂಡಿಯ ಮಾತು ಬರುತ್ತದೆ, ಕೆರೆಯ ಮಾತು ಬರುತ್ತದೆ. ಅಕ್ಕನ ಅಂಗಡಿಗೆ ಬಾರದ ಹೆಂಗಸರಿಲ್ಲ; ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ದೋಣಿಯವರು ನರ್ಸರಿಯ ಬಾಗಿಲಿಗೆ ಬರುತ್ತಾರೆ.

"ಬೇಡ ಬಿಡಿ ಅಕ್ಕ. ನಾನೇ ನೋಡ್ಕೋತೀನಿ."

ಆ ಮಾತನ್ನು ನೀರಿನೊಳಗೆ ಯಾರ ದನಿಯಲ್ಲಿ ಕೇಳಿದ್ದೆನೆಂದು ಅವಳಿಗೆ ಅಲ್ಲಿಯೇ ಹೊಳೆಯಿತು. ಆದರೂ ಬಾಟಲಿ ಎತ್ತಿಕೊಂಡು ಬಂದಳು. ಮುಂದಿನ ವಾರ ಹೇಗಾದರೂ ಮಾಡಿ ಹೇಳೋಣ ಎಂದುಕೊಂಡಳು. ಇಂಥ ಮುಂದಿನ ವಾರಗಳು ಬಂದ ಉದಾಹರಣೆ ಉಂಟೆ? ವಾಪಸ್ ತಂದದ್ದನ್ನೆಲ್ಲ ಕಲ್ಲುಹಾಸಿನ ಮೇಲೆ ಒಣಗಿಸಿ ಸುಟ್ಟಳು. ಕೆರೆಯ ದನಿ ನಿಂತಿತು. ಚರಂಡಿಗೆ ಎಸೆದದ್ದಕ್ಕೆ ಮಾಟವಿರಲಿಲ್ಲವೇನೋ, ಅದರಿಂದ ಬರೀ ಕೆರೆ ಸತ್ತಿತ್ತು. ಆ ದಿನ ಅವಳಿಗೆ ಗಡದ್ದಾಗಿ ನಿದ್ದೆ ಬಂತು. ಆ ನಿದ್ದೆಯನ್ನು ಆಮೇಲೆ ಎಷ್ಟು ಶಪಿಸಿಕೊಂಡಳೋ.

ಗುಂಡ ಹೋದದ್ದು ಅದಾಗಿ ಕೆಲವೇ ದಿನಕ್ಕೆ, ಹಾಡಹಗಲು. ದೋಣಿಯವರು ಎಲೆಗಳನ್ನು ಸೀಳಿಕೊಂಡು ಹೋಗಿ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನ ಮುಷ್ಟಿಯ ತುಂಬ ಕಪ್ಪು ಬೇರು. ಬಿಡಿಸಲು ಯಾರಿಂದಲೂ ಆಗಲಿಲ್ಲ. ಹಾಗೆಯೇ ಕಳಿಸಿಕೊಟ್ಟರು.

ಜನ ಎಲ್ಲ ಹೋದ ಮೇಲೆ ಗಿಡದವಳು ಟೈಲರ್ ಅಕ್ಕನ ಬಳಿ ಕೂತಳು. ಮಷಿನ್ನಿನ ಸೂಜಿಯ ಕೆಳಗೆ ಅರ್ಧ ಹೊಲಿದ ಬಟ್ಟೆ ಹಾಗೆಯೇ ಸಿಕ್ಕಿಕೊಂಡಿತ್ತು. ಅಕ್ಕನ ಕಣ್ಣಲ್ಲಿ ನೀರಿರಲಿಲ್ಲ. ತೊಟ್ಟಿಲ ಹಗ್ಗ ಹಿಡಿದುಕೊಂಡು ಒಂದೇ ಸಮನೆ ತೂಗುತ್ತಿದ್ದಳು.

"ಅಮ್ಮ ಕರೀತಿದಾಳೆ ಅಂತ ಹೇಳಿ ಓಡಿದನಂತೆ ಕಣೆ. ನಾನೆಲ್ಲಿ ಕರೆದೆ? ನಾನು ಮಷಿನ್ ಮೇಲಿದ್ದೆ. ಕೂಗಿದ್ರೂ ಕೇಳ್ತಿರ್ಲಿಲ್ಲ ನನಗೆ, ಆ ಸದ್ದಲ್ಲಿ. ಒಂದು ಸಲ ಎದ್ದು ನೋಡಿದ್ರೆ ಏನಾಗ್ತಿತ್ತು? ನಂದೇ ತಪ್ಪು. ಹೆತ್ತ ತಾಯಿ ಅನ್ನಿಸ್ಕೊಳ್ಳೋಕೆ ಲಾಯಕ್ಕಿಲ್ಲ ನಾನು."

"ಹಾಗನ್ಬೇಡಿ ಅಕ್ಕ..."

"ಮತ್ತೆ ಇನ್ಯಾರ ತಪ್ಪೇ?"

ಗಿಡದವಳು ಬಾಗಿಲ ಕಡೆ ನೋಡಿದಳು. ಹೇಳದೆ ಎದ್ದುಹೋಗಬಹುದಿತ್ತು. ಅಕ್ಕ ತನ್ನನ್ನೇ ಬೈದುಕೊಳ್ಳುತ್ತ ಉಳಿದ ಆಯಸ್ಸು ಕಳೆಯುತ್ತಿದ್ದಳು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಹಾಗೆಯೇ ಮಾಡುವವಳಿದ್ದಳು ಕೂಡ. ಸುಳ್ಳು ಹೇಳುವುದೇಕೆ, ಕಾಲು ಆಗಲೇ ಹೊಸಿಲ ಕಡೆ ತಿರುಗಿತ್ತು.

ಆಗ ಕೇಳಿಸಿತು.

ಕಿಟಕಿಯಾಚೆ. ಕೆರೆಯ ಕಡೆಯಿಂದ. ಜೋ ಜೋ. ಮೆಲ್ಲಗೆ, ಎಳೆದು, ಪ್ರೀತಿಯಿಂದ. ಜೋ ಜೋ ಕಂದಾ. ಟೈಲರ್ ಅಕ್ಕನ ದನಿ. ಅಕ್ಕ ಇಲ್ಲೇ ಕೂತಿದ್ದಾಳೆ. ಅಕ್ಕನ ತುಟಿ ಹೊಲಿದಂತೆ ಮುಚ್ಚಿದೆ. ದುಃಖದ ಮಂಪರಿನಲ್ಲಿ ಅಕ್ಕನ ಕಿವಿಗದು ಬೀಳುತ್ತಲೇ ಇಲ್ಲ. ತೊಟ್ಟಿಲಿನೊಳಗೆ ಕೂಸು ಕೇಳಿಸಿಕೊಂಡಿತು. ಕೈಕಾಲು ಆಡಿಸಿತು. ಕಿಟಕಿಯ ಕಡೆ ಹೊರಳಿ ನಕ್ಕಿತು. ಮಗುಚಿಕೊಳ್ಳಲು ಬಾರದ ಕೂಸು ತೊಟ್ಟಿಲ ಅಂಚಿಗೆ ಗಲ್ಲ ಆನಿಸಿ, ಮೈಯನ್ನೆಲ್ಲ ಆ ಕಡೆಗೆ ಎಳೆದುಕೊಳ್ಳುತ್ತಿತ್ತು. ಒದ್ದೆಗೂದಲಿನ ವಾಸನೆ ಕೋಣೆಯೊಳಗೆ ಬಂತು.

"ಅಕ್ಕ! ನಿಮ್ಮ ಕೈಯಿಂದ ಆ ಹೂವನ್ನ ಯಾರ್ಯಾರಿಗೆ ಕೊಟ್ರಿ? ಈಗಿಂದೀಗ್ಲೇ ಹೋಗಿ ಇಸ್ಕೊಂಡು ಬನ್ನಿ. ನೀವೇ ಹೋಗ್ಬೇಕು. ಕೂಸನ್ನ ಎತ್ಕೊಂಡೇ ಹೋಗಿ, ಕೆಳಗಿಡ್ಬೇಡಿ."

"ಹೂವಾ? ಈ ಹೊತ್ತಲ್ಲಿ? ನಿನಗೆ ತಲೆ ಸರಿ ಇದೆಯೇನೇ?"

ಹೇಳಿದಳು. ತೊಟ್ಟಿ, ಮುದುಕಿ, ಮಾಟ, ಚರಂಡಿ, ತನ್ನ ಮಗಳು ಕೆರೆಯ ಮೇಲೆ ನಡೆದದ್ದು, ಮನೆಮನೆಗೆ ಹೋಗಿ ಇಸ್ಕೊಂಡದ್ದು, ಎಲ್ಲ. ಒಂದನ್ನೂ ಬಿಡಲಿಲ್ಲ. ಹೇಳುವಾಗ ಅಕ್ಕನ ಮುಖ ನೋಡುವ ಧೈರ್ಯವಾಗದೆ ನೆಲದ ಮೇಲೆ ಬಿದ್ದಿದ್ದ ಬಟ್ಟೆ ಚೂರುಗಳನ್ನೇ ನೋಡುತ್ತಿದ್ದಳು. ತೂಗುತ್ತಿದ್ದ ಹಗ್ಗ ಯಾವಾಗಲೋ ನಿಂತಿತ್ತು.

"ನಾನು ಕೇಳಿದ್ನಲ್ಲ," ಎಂದಳು ಟೈಲರ್ ಅಕ್ಕ. "ಅವ್ರಿಗೂ ಹೇಳ್ಲಾ ಅಂತ."

"ಕೇಳಿದ್ರಿ."

"ಆವತ್ತು ನಿನಗೆ ಗೊತ್ತಿತ್ತು."

"ಗೊತ್ತಿತ್ತು ಅಕ್ಕ."

ಹೊಡೆಯುತ್ತಾಳೆ ಎಂದುಕೊಂಡಳು. ಹೊಡೆದರೆ ಸಾಕು ಎಂದು ಮೈಯೆಲ್ಲ ಕಾದಿತ್ತು. ಟೈಲರ್ ಅಕ್ಕ ಎದ್ದು, ಕೂಸನ್ನು ಎತ್ತಿ ಎದೆಗೆ ಬಿಗಿಯಾಗಿ ಕಟ್ಟಿಕೊಂಡು, ಚಪ್ಪಲಿಯನ್ನೂ ಹಾಕಿಕೊಳ್ಳದೆ ಬೀದಿಗಿಳಿದಳು. ಜೊತೆಗೆ ಬರುತ್ತೇನೆಂದು ಹಿಂದೆ ಓಡಿದವಳನ್ನು ತಿರುಗಿ ನೋಡಿದ ನೋಟಕ್ಕೆ ಗಿಡದವಳು ಅಲ್ಲೇ ನಿಂತುಬಿಟ್ಟಳು.

ದೀಪ ಹಚ್ಚುವ ಹೊತ್ತಿಗೆ ಅಕ್ಕ ವಾಪಸಾದಳು. ಮಗ ಹೋದ ಮನೆಯ ಹೆಂಗಸು ಬರಿಗಾಲಲ್ಲಿ ಬಂದು ಹೂ ವಾಪಸ್ ಕೇಳಿದರೆ ಜನ ಏನಂದುಕೊಂಡರೋ, ಕೊಟ್ಟಿದ್ದರು. ನರ್ಸರಿಯ ಅಂಗಳದಲ್ಲಿ ಬುಟ್ಟಿಯನ್ನು ಇಳಿಸಿ, ಒಂದೊಂದನ್ನೇ ಎತ್ತಿ, ಗಿಡದವಳೇ ಹಚ್ಚಿದ ಬೆಂಕಿಗೆ ಹಾಕಿದಳು. ಹಸಿ ಎಲೆ ಚಟಪಟ ಸಿಡಿಯಿತು. ಕೆರೆಯ ಕಡೆಯ ಜೋಗುಳ ನಡುವೆಯೇ ತುಂಡಾಯಿತು. ಎದೆಯ ಮೇಲಿದ್ದ ಕೂಸು ಅದೇ ಗಳಿಗೆಯಲ್ಲಿ ಕಣ್ಣು ಮುಚ್ಚಿ ನಿದ್ದೆಹೋಯಿತು.

"ಅಕ್ಕ, ನನ್ನನ್ನ ಏನು ಬೇಕಾದ್ರೂ ಅನ್ನಿ. ಶಾಪ ಹಾಕಿ. ಸುಮ್ಮನೆ ಮಾತ್ರ ಹೋಗ್ಬೇಡಿ," ಎಂದು ಗಿಡದವಳು ಅವಳ ಕಾಲಿಗೆ ಬಿದ್ದಳು.

ಟೈಲರ್ ಅಕ್ಕ ಕಾಲು ಬಿಡಿಸಿಕೊಂಡಳು. ಮನೆಯ ಬಾಗಿಲಲ್ಲಿ ಪಟಾಕಿ ಪುಸ್ತಕ ಹಿಡಿದು ನಿಂತಿದ್ದಳು. ಅಕ್ಕ ಅವಳ ಹತ್ತಿರ ಹೋಗಿ ತಲೆ ಸವರಿದಳು. ಕಣ್ಣ ಮೇಲೆ ಬಿದ್ದಿದ್ದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದಳು.

"ಶಾಪ ಯಾಕೆ ಹಾಕ್ಲಿ? ಮಗು ಏನು ಮಾಡಿದೆ?" ಎಂದಳು. ದನಿಯಲ್ಲಿ ಸಿಟ್ಟೇ ಇರಲಿಲ್ಲ. "ನಿನ್ನ ಮಗಳು ನೂರು ಕಾಲ ಬಾಳ್ಲಿ. ನನ್ನ ಗುಂಡನ ಆಯಸ್ಸೂ ಅವಳಿಗೇ ಸೇರ್ಲಿ. ಓದ್ಲಿ, ಬೆಳೀಲಿ, ಮಕ್ಕಳು ಮರಿ ಆಗ್ಲಿ, ನಿನ್ನ ಕಣ್ಣೆದುರಿಗೇ ಇರ್ಲಿ. ಅವಳು ನಿನ್ನನ್ನ ಅಮ್ಮ ಅಂತ ಕರೆದಾಗೆಲ್ಲ ನನ್ನ ಮಗನೂ ಕರೀಲಿ. ನನಗಂತೂ ಇನ್ನು ಕೇಳಿಸಲ್ಲ. ನಿನಗಾದ್ರೂ ಕೇಳಿಸ್ಲಿ."

ಕೂಸಿನ ತಲೆಗೆ ಸೆರಗು ಮುಚ್ಚಿಕೊಂಡು ಹೊರಟುಹೋದಳು.

ಗಿಡದವಳು ಅಂಗಳದಲ್ಲಿ ಕೂತೇ ಇದ್ದಳು. ಬೆಂಕಿ ಆರಿತು. ಗಂಡ ಬಂದು ಒಳಗೆ ಬಾ ಎಂದ, ಹೋದ. ಬೂದಿಯಲ್ಲಿ ಇನ್ನೇನೂ ಉಳಿದಿಲ್ಲವೆಂದು ಕಡ್ಡಿಯಿಂದ ಕೆದಕಿ ನೋಡಿದಳು. ಮಗಳು ಬದುಕಿದ್ದಾಳೆ. ಅಕ್ಕನ ಕೂಸು ಬದುಕಿದೆ. ಇನ್ನು ಏನು ಬಂದರೂ ಹೊರುತ್ತೇನೆ ಎಂದು ಅವಳು ಮನಸ್ಸು ಗಟ್ಟಿಮಾಡಿಕೊಳ್ಳುತ್ತಿದ್ದಳು.

"ಅಮ್ಮಾ, ಹಸಿವಾಗ್ತಿದೆ."

ಬಾಗಿಲಲ್ಲಿ ನಿಂತಿದ್ದವಳು ಪಟಾಕಿಯೇ. ಆಡಿದ ತುಟಿ ಅವಳದೇ. ದನಿ ಗುಂಡನದು. ಓಡಿಬಂದು ಏದುಸಿರು ಬಿಡುವವನ ದನಿ, ಗಂಟಲಲ್ಲಿ ನೀರು ಸಿಕ್ಕಿಕೊಂಡವನ ದನಿ. ಗಂಡ ಒಳಗಿನಿಂದ, "ಮಗು ಕರೀತಿದೆ, ಕೇಳಿಸ್ತಿಲ್ವಾ?" ಎಂದ. ಅವನಿಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ.

"ಅಮ್ಮಾ," ಎಂದ ಗುಂಡ ಮತ್ತೆ. "ಊಟಕ್ಕೆ ಹಾಕು ಬಾಮ್ಮ."

ಅವಳು ಎದ್ದು, ಕೈ ತೊಳೆದುಕೊಂಡು, ಒಳಗೆ ಹೋಗಿ ತಟ್ಟೆಯಿಟ್ಟಳು.